ಬೂದಿ ಮುಟ್ಟದ ಅಂಗಿ

ಬೆಳಿಗ್ಗೆ ನನ್ನ ಗಂಡ ಮರಿಸ್ವಾಮಿ ಬೈಕು ಹತ್ತುವ ಮೊದಲು ನಾನು ಮಾಡಬೇಕಾದ ಕೆಲಸಗಳಿದ್ದವು. ಪ್ಯಾಂಟಿನ ಎರಡೂ ಕಾಲಿನ ತುದಿ ಹೊರಳಿಸಿ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸುತ್ತಿದ್ದೆ, ಚೈನಿನ ಎಣ್ಣೆ ಹತ್ತಬಾರದೆಂದು. ಕಾಲರಿನ ಒಳಗೆ ಕರವಸ್ತ್ರ ಇಡುತ್ತಿದ್ದೆ, ಹೆಲ್ಮೆಟ್ಟಿನ ಬೆವರು ಇಳಿಯಬಾರದೆಂದು. ಬೂಟು ಪಾಲಿಶ್ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹ್ಯಾಂಡಲಿಗೆ ತೂಗುಹಾಕುತ್ತಿದ್ದೆ. ದಾರಿಗೆ ಚಪ್ಪಲಿ ಸಾಕು. ಕೊನೆಗೆ ಕೋಟು. ಹಳೆಯ ರೇನ್‌ಕೋಟಿಗೆ ಒಳಗಿನಿಂದ ನನ್ನ ಸೀರೆಯ ತುಂಡು ಕೊಟ್ಟು ನಾನೇ ಹೊಲಿದದ್ದು. ಅದನ್ನು ಹಿಂದುಮುಂದಾಗಿ ತೊಡಿಸಿ, ಬೆನ್ನ ಹಿಂದೆ ನಿಂತು ಒಂದೊಂದೇ ಗುಂಡಿ ಹಾಕುತ್ತಿದ್ದೆ. ಬೈಕಿನ ಮೇಲೆ ಗಾಳಿ ಎದೆಗೆ ಹೊಡೆಯುತ್ತದೆ, ಧೂಳೂ ಎದೆಗೇ. ಹಾಗಾಗಿ ಕೋಟಿನ ಬಾಯಿ ಬೆನ್ನಿಗಿರಬೇಕು ಎಂದು ನನಗೆ ಹೊಳೆದಿತ್ತು. ಅದನ್ನು ತೊಟ್ಟವರಿಗೆ ತಾವೇ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ. ಅವನು ಎರಡೂ ಕೈ ಚಾಚಿ ಸುಮ್ಮನೆ ನಿಲ್ಲುತ್ತಿದ್ದ, ನಾನು ಗುಂಡಿ ಹಾಕಿ ಮುಗಿಸುವವರೆಗೂ.

ಇದೆಲ್ಲ ಕೊಪ್ಪಳಕ್ಕೆ ಹತ್ತಿದ ಭಾಗ್ಯನಗರದ ನಮ್ಮ ಓಣಿಯಲ್ಲಿ, ಬಾಗಿಲ ಮುಂದೆಯೇ ನಡೆಯುತ್ತಿತ್ತು. ನಳದ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರು ನೋಡುತ್ತಿದ್ದರು. ಬೈಕು ತಿರುವಿಗೆ ಬಂದಾಗ ಅವರಲ್ಲಿ ಯಾರಾದರೂ ಒಬ್ಬರು ಅನ್ನುತ್ತಿದ್ದರು, "ಸಾಹೇಬ್ರು ಹೊಂಟ್ರು ನೋಡ್ರಿ." ಉಳಿದವರು ಸೆರಗು ಬಾಯಿಗೆ ಹಿಡಿಯುತ್ತಿದ್ದರು. ನಾನು ತಲೆ ತಗ್ಗಿಸಿ ಒಳಗೆ ಬರುತ್ತಿದ್ದೆ. ನನಗೆ ಮಾತು ಕಡಿಮೆ, ನಾಲ್ಕು ಜನರೆದುರು ನಿಂತರೆ ಕೈ ಎಲ್ಲಿಡಬೇಕು ತಿಳಿಯುವುದಿಲ್ಲ. ಆದರೆ ಆ ಮಾತು ಕೇಳಿದಾಗ ಒಳಗೊಳಗೆ ಸಂತೋಷವಾಗುತ್ತಿತ್ತು.

ಅವನು ಗಂಗಾವತಿಯ ಟ್ರ್ಯಾಕ್ಟರ್ ಷೋರೂಮಿನಲ್ಲಿ ಸೇಲ್ಸ್ ಆಫೀಸರ್. ಹಾಗೆಂದೇ ನನ್ನನ್ನು ನೋಡಲು ಬಂದಾಗ ಹೇಳಿದ್ದರು. ನನ್ನ ತವರು ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿ, ಕಡಲ ಕಡೆಯದಲ್ಲ. ಎಂಟನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಅವ್ವ ಮಾರೆಮ್ಮ ಕೂಲಿಗೆ ಹೋದರೆ ಮನೆ ನೋಡುವವರು ಬೇಕಿತ್ತು. ಅಂಥವಳನ್ನು ಆಫೀಸರೊಬ್ಬ ನೋಡಲು ಬರುತ್ತಾನೆಂದರೆ ನಂಬುವುದು ಹೇಗೆ? ಚಹಾ ಕೊಡುವಾಗ ನಾನು ಮುಖ ಎತ್ತಲಿಲ್ಲ. ಕಂಡದ್ದು ಪ್ಯಾಂಟಿನ ಗೆರೆ, ಬೂಟಿನ ಹೊಳಪು, ಅಂಗಿಯ ತೋಳಿನ ಗುಂಡಿ. ಕಪ್ಪು ಮಣ್ಣಿನ ಎರಿ ಹೊಲದ ದಾರಿಯಲ್ಲಿ ಅಷ್ಟು ದೂರ ಬೈಕಿನ ಮೇಲೆ ಬಂದವನ ಅಂಗಿಯಲ್ಲಿ ಒಂದು ಸುಕ್ಕು ಇರಲಿಲ್ಲ. ಇಷ್ಟು ಜತನದ ಮನುಷ್ಯ ಹೆಂಡತಿಯನ್ನೂ ಜತನವಾಗಿ ಇಟ್ಟುಕೊಂಡಾನು ಅಂದುಕೊಂಡೆ. ಆ ಅಂಗಿಗೇ ನಾನು ಹ್ಞೂಂ ಅಂದದ್ದು.

ಮದುವೆಯಾಗಿ ಬಂದ ಹೊಸತರಲ್ಲಿ ಪಕ್ಕದ ಓಣಿಯ ಜರೀನಾ ನನ್ನನ್ನು ಕರೆದಿದ್ದಳು. ಅವಳು ಕುಪ್ಪಸ, ಸಾಲಿ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಾಳೆ. ಮನೆಯಲ್ಲಿ ಎರಡು ಮಷಿನ್ನು, ಒಂದು ಖಾಲಿ ನಿಂತಿತ್ತು. ನಾನು ಮಂಗಳೂರಿನಲ್ಲಿ ಹೊಲಿಗೆ ಕಲಿತಿದ್ದೆನೆಂದು ಯಾರಿಂದಲೋ ಕೇಳಿದ್ದಳು. ಬಂದು ಕೂಡು, ಮಾತಾಡದಿದ್ದರೂ ನಡೆಯುತ್ತದೆ, ಮಷಿನ್ನೇ ಮಾತಾಡುತ್ತದೆ ಎಂದು ನಕ್ಕಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನದೇ ಒಂದು ಮಷಿನ್ನು, ನನ್ನದೇ ಒಂದು ಕಿಟಕಿ. ಗಂಡನಿಗೆ ಹೇಳಿದೆ. ಅವನು ಸಿಟ್ಟೇನೂ ಮಾಡಲಿಲ್ಲ. ಬೂಟಿನ ಲೇಸು ಬಿಚ್ಚುತ್ತ ಅಂದ, "ಆಫೀಸರ್ ಹೆಂಡ್ತಿ ಮಂದಿ ಮನ್ಯಾಗ ಕುಂತು ಕುಬಸ ಹೊಲಿಯೂದು ಛಲೋ ಕಾಣೂದಿಲ್ಲ, ಅನುಸೂಯಾ. ನಾಳೆ ನಮ್ ಮ್ಯಾನೇಜರ್ ಮನಿಗೆ ಬಂದ್ರ ಏನ್ ಹೇಳ್ಲಿ?"

ಮರುದಿನ ಜರೀನಾಳಿಗೆ ಆ ಮಾತನ್ನೇ ಹೇಳಿದೆ. ಅವಳು ಕತ್ತರಿ ಕೆಳಗಿಟ್ಟು ನನ್ನನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದು, ದಾರದ ಉಂಡೆ ಎತ್ತಿಕೊಂಡು, "ಆತವಾ, ನಿಮ್ ಮನಿಯವ್ರು ಹೇಳಿದಂಗ ಆಗ್ಲಿ" ಎಂದಳು. ಕೆಲವು ದಿನಗಳಲ್ಲಿ ಆ ಮಷಿನ್ನಿಗೆ ಮುನ್ನಿ ಎಂಬ ಹುಡುಗಿ ಬಂದಳು. ನಾನು ಆ ದಾರಿ ಬಿಟ್ಟು ಸುತ್ತುಹಾಕಿ ಅಂಗಡಿಗೆ ಹೋಗತೊಡಗಿದೆ, ಮಷಿನ್ನಿನ ಸಪ್ಪಳ ಕೇಳಬಾರದೆಂದು.

ಆಮೇಲೆ ನನಗೆ ಉಳಿದದ್ದು ಅವನ ಬಟ್ಟೆಯೇ. ಬೆಳಿಗ್ಗೆ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು, ಹಾಗಾಗಿ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ತರಿಸಿಕೊಂಡೆ. ತೆಳ್ಳನೆಯ ಗಂಜಿ ಹಾಕಿ, ಹಸಿ ಆರುವ ಮೊದಲೇ ಇಸ್ತ್ರಿ ಮಾಡಿದರೆ ಅಂಗಿ ಹಾಳೆಯಂತೆ ನಿಲ್ಲುತ್ತಿತ್ತು. ಭುಜದಿಂದ ಮಣಿಕಟ್ಟಿನವರೆಗೆ ತೋಳಿನ ಗೆರೆ ಒಂದೇ ಎಳೆಯಲ್ಲಿ ಬರಬೇಕು, ಎರಡನೆಯ ಸಲ ಪೆಟ್ಟಿಗೆ ಇಡಬಾರದು. ಅತ್ತೆ ಹುಲಗೆಮ್ಮ ಹೊಸ್ತಿಲಲ್ಲಿ ಕೂತು ವೀಳ್ಯದೆಲೆ ಮಡಚುತ್ತ ನೋಡುತ್ತಿದ್ದಳು. ಒಮ್ಮೊಮ್ಮೆ, ಸಾಕು ಬಿಡು, ಅಷ್ಟ್ಯಾಕ ಮೈ ಮುರೀತಿ ಅನ್ನುತ್ತಿದ್ದಳು. ಸೊಸೆಯ ಮೇಲಿನ ಕರುಣೆ ಎಂದು ನಾನು ತಿಳಿದೆ.

ಗಂಗಾವತಿಯ ದಾರಿಯ ಬಗ್ಗೆ ಇಲ್ಲಿ ಎಲ್ಲರಿಗೂ ಗೊತ್ತು. ಊರು ಹತ್ತಿರವಾದಂತೆ ಅಕ್ಕಿ ಗಿರಣಿಗಳು ಬರುತ್ತವೆ. ಭತ್ತದ ಹೊಟ್ಟು ಸುಟ್ಟ ಬೂದಿ ಹೊಗೆಯ ಜೊತೆ ಮೇಲೆದ್ದು ರಸ್ತೆಯ ಮೇಲೆಲ್ಲ ಇಳಿಯುತ್ತದೆ, ಕರಿ ಸೊಳ್ಳೆಗಳ ಹಾಗೆ. ಬಟ್ಟೆಯ ಮೇಲೆ ಬಿದ್ದರೆ ಊದಬೇಕು, ಒರೆಸಬಾರದು. ಒರೆಸಿದರೆ ಕಾಡಿಗೆಯಂತೆ ಹರಡುತ್ತದೆ, ಬಿಳಿ ಅಂಗಿಯಾದರೆ ಮುಗಿಯಿತು. ಆದರೆ ಮರಿಸ್ವಾಮಿಯ ಅಂಗಿಯಲ್ಲಿ ಸಂಜೆ ಬಂದಾಗ ಒಂದು ಕಪ್ಪು ಚುಕ್ಕೆಯೂ ಇರುತ್ತಿರಲಿಲ್ಲ. ನನ್ನ ಕೋಟಿನ ಗುಣ ಎಂದು ಹೆಮ್ಮೆಪಟ್ಟೆ.

ಆ ಹೆಮ್ಮೆಯಿಂದಲೇ ಎಲ್ಲ ಶುರುವಾಯಿತು. ನಮ್ಮ ಓಣಿಗೆ ಅಮೃತಾ ಎಂಬ ಟೀಚರ್ ಹೊಸದಾಗಿ ಬಾಡಿಗೆಗೆ ಬಂದಿದ್ದರು. ಗಂಗಾವತಿಯ ಸಾಲಿಗೆ ದಿನಾ ಸ್ಕೂಟಿಯ ಮೇಲೆ ಹೋಗುತ್ತಿದ್ದರು. ಸೀರೆಯ ಮೇಲೆ ಬೂದಿ ಬಿದ್ದು ಹುಡುಗರು ನಗುತ್ತಾರೆಂದು ಒಂದು ದಿನ ನಳದ ಹತ್ತಿರ ಹೇಳಿಕೊಂಡರು. ನಾನು ಯಾರೊಡನೆಯೂ ನಾನಾಗಿ ಮಾತಾಡುವವಳಲ್ಲ. ಅಂದು ಮಾತಾಡಿದೆ. ಅವರಿಗೂ ಒಂದು ಕೋಟು ಹೊಲಿದುಕೊಟ್ಟೆ, ಅದೇ ಅಳತೆ, ಅದೇ ಹಿಂದುಮುಂದು. ಜರೀನಾಳ ಮನೆಗೆ ಹೋಗಲಿಲ್ಲ, ಕೈಯಲ್ಲೇ ಹೊಲಿದೆ.

ವಾರ ಕಳೆದ ಮೇಲೆ ಟೀಚರ್ ಸಂಜೆ ಬಂದರು. ಕೋಟು ಬಿಚ್ಚಿ ಸೀರೆ ತೋರಿಸಿದರು. ಎದೆಯ ಭಾಗ ಸ್ವಚ್ಛವಿತ್ತು. ಆದರೆ ಕುಪ್ಪಸದ ತೋಳಿನಂಚು, ಕೊರಳ ಸುತ್ತ, ಸೀರೆಯ ಕೆಳಗಿನ ನೆರಿಗೆ, ಎಲ್ಲ ಕಡೆ ಕಪ್ಪು.

"ನಿನ್ನ ಕೋಟು ಛಲೋ ಐತಿ, ತಪ್ಪು ತಿಳ್ಕೊಬ್ಯಾಡ," ಎಂದರು. "ಆದ್ರ ಆ ಬೂದಿ ಕೊಳ್ಳಾಗಿಂದ ಇಳೀತೈತಿ, ತೋಳಾಗಿಂದ ಏರತೈತಿ. ನಿಮ್ ಮನಿಯವ್ರ ಅಂಗಿ ಹೆಂಗ ಹಂಗ ಹಾಲಿನಂಗ ಉಳೀತೈತಿ? ಅವ್ರೇನು ಗಾಳ್ಯಾಗ ತೇಲಿ ಹೊಕ್ಕಾರೇನು?"

ಅವರು ನಕ್ಕರು. ನಾನೂ ನಗಬೇಕಾಗಿತ್ತು.

ಅಂದು ಅವನು ಬಿಚ್ಚಿಟ್ಟ ಅಂಗಿಯನ್ನು ಹಿತ್ತಲಿಗೆ ಒಯ್ದು ಬೆಳಕಿಗೆ ಹಿಡಿದೆ. ಇಷ್ಟು ದಿನ ಕಲೆ ಇದೆಯೇ ಎಂದು ನೋಡಿದ್ದೆ, ಬೇರೆ ಏನನ್ನೂ ನೋಡಿರಲಿಲ್ಲ. ತೋಳಿನ ಗೆರೆ ಬೆಳಿಗ್ಗೆ ನಾನು ಎಳೆದಂತೆಯೇ ಇತ್ತು. ದಿನವಿಡೀ ಕುರ್ಚಿಯಲ್ಲಿ ಕೂತು, ಗಿರಾಕಿಗಳಿಗೆ ಕೈ ಮಾಡಿ ತೋರಿಸಿ, ಊಟ ಮಾಡಿದವನ ಅಂಗಿ ಮೊಣಕೈಯಲ್ಲಿ ಮುರಿದಿರಬೇಕು. ಇದು ಮುರಿದಿರಲಿಲ್ಲ. ಕಾಲರಿನ ಕೆಳಗೆ, ಬೆನ್ನಿನ ನಡುವೆ, ಬಟ್ಟೆ ಸಣ್ಣ ಮೂಗಿನಂತೆ ಉಬ್ಬಿ ಬಂದಿತ್ತು. ಮೊಳೆಗೆ ತುಂಬ ಹೊತ್ತು ತೂಗುಹಾಕಿದ ಬಟ್ಟೆಗೆ ಅಂಥ ಮೂಗು ಬರುತ್ತದೆ. ಅಂಗಿ ಇಡೀ ದಿನ ಎಲ್ಲೋ ಮೊಳೆಯ ಮೇಲಿತ್ತು. ಮತ್ತು ಅದಕ್ಕೆ ನಮ್ಮ ಮನೆಯದಲ್ಲದ ಸೋಪಿನ ವಾಸನೆ ಇತ್ತು.

ಎಲ್ಲಿ ಗಂಡಸು ಹಗಲು ಹೊತ್ತು ಅಂಗಿ ಬಿಚ್ಚಿ ಮೊಳೆಗೆ ಹಾಕುತ್ತಾನೆ, ಸಂಜೆ ಜಳಕ ಮಾಡಿ ತೊಟ್ಟುಕೊಳ್ಳುತ್ತಾನೆ? ನನಗೆ ತೋಚಿದ್ದು ಒಂದೇ. ಯಾವಳೋ ಒಬ್ಬಳ ಮನೆ.

ಕರವಸ್ತ್ರವನ್ನು ಬಕೆಟ್ಟಿನಲ್ಲಿ ಅದ್ದಿದಾಗ ನೀರು ಬೆಳ್ಳಗಾಯಿತು. ಅದು ಯಾವತ್ತೂ ಆಗುತ್ತಿತ್ತು. ಅವನು ಮುಖಕ್ಕೆ ಪೌಡರ್ ಹಚ್ಚುತ್ತಾನೆ, ಅದೇ ಇರಬೇಕೆಂದು ಬಿಟ್ಟಿದ್ದೆ. ಅಂದು ನೀರು ತಿಳಿಯಾಗುವವರೆಗೆ ಕೂತೆ. ತಳದಲ್ಲಿ ಬಿಳಿಯದು ಕೂತಿತ್ತು. ಬೆರಳಿಗೆ ತೆಗೆದುಕೊಂಡು ತಿಕ್ಕಿದೆ. ರಂಗೋಲಿ ಪುಡಿಯ ಹಾಗೆ ಗರಗರ ಅಂದಿತು. ಪೌಡರ್ ಹಾಗೆ ಅನ್ನುವುದಿಲ್ಲ.

ರೊಟ್ಟಿ ಹಾಕುವಾಗ, ಇವತ್ತು ಗಿರಾಕಿ ಭಾಳ ಇದ್ದರೇ ಎಂದು ಕೇಳಿದೆ. ಭಾಳ ಇದ್ದರು, ಕೂಡಲು ಪುರುಸೊತ್ತು ಇರಲಿಲ್ಲ ಎಂದ. ಹೇಳುವಾಗ ನನ್ನ ಕಣ್ಣನ್ನೇ ನೋಡಿದ. ಅವನಿಗೆ ಅದು ಅಷ್ಟು ಸಲೀಸಾಗಿತ್ತು. ಅವನ ಕಿವಿಯ ಮಡಿಕೆಯಲ್ಲಿ ಬಿಳಿ ಗೆರೆಯೊಂದು ಉಳಿದಿತ್ತು. ನಾನು ಇನ್ನೊಂದು ರೊಟ್ಟಿ ಹಾಕಿದೆ.

ಶನಿವಾರ ಟೀಚರಿಗೆ ಬೆಳಗಿನ ಸಾಲಿ. ಗಂಡ ಹೋದ ಮೇಲೆ, ಬಟ್ಟೆ ತರುವುದಿದೆ, ಗಂಗಾವತಿಗೆ ಟೀಚರ್ ಜೊತೆ ಹೋಗಿಬರುತ್ತೇನೆ ಎಂದು ಅತ್ತೆಗೆ ಹೇಳಿದೆ. ಅವಳ ಕೈಯಲ್ಲಿದ್ದ ಎಲೆ ಅಲ್ಲೇ ನಿಂತಿತು. ಗಂಗಾವತಿಯಲ್ಲಿ ಏನಿದೆ, ಕೊಪ್ಪಳದಲ್ಲೇ ಸಿಗುತ್ತದಲ್ಲ ಎಂದಳು. ನಾನು ಉತ್ತರ ಕೊಡದೆ ಚಪ್ಪಲಿ ಮೆಟ್ಟಿದೆ. ಅತ್ತೆಗೆ ಉತ್ತರ ಕೊಡದೆ ಹೊರಟದ್ದು ಅದೇ ಮೊದಲು.

ಟೀಚರ್ ಹಿಂದೆ ಸ್ಕೂಟಿಯಲ್ಲಿ ಕೂತೆ. ಕಾಲುವೆ ದಾಟಿ ಹಸಿರು ಗದ್ದೆಗಳು ಬಂದವು, ಆಮೇಲೆ ಚಿಮಣಿಗಳು. ಎದುರಿನಿಂದ ಭತ್ತದ ಲಾರಿಗಳು ಬರುತ್ತಿದ್ದವು. ಬೂದಿ ಇಳಿಯತೊಡಗಿತು. ನಾನು ಸೆರಗನ್ನು ಬಿಗಿಯಾಗಿ ಸುತ್ತಿಕೊಂಡಿದ್ದರೂ ಊರು ಮುಟ್ಟುವ ಹೊತ್ತಿಗೆ ಮಣಿಕಟ್ಟಿನ ಬಳೆಗಳ ನಡುವೆ ಕಪ್ಪು ಸೇರಿತ್ತು. ಗೊತ್ತಿದ್ದೂ ಒರೆಸಿದೆ. ಕಾಡಿಗೆಯಂತೆ ಹರಡಿತು.

ಷೋರೂಮಿನ ಮುಂದೆ ಕೆಂಪು, ನೀಲಿ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ಗಾಜಿನ ಬಾಗಿಲು ತಳ್ಳಲು ನನಗೆ ಧೈರ್ಯ ಬರಲಿಲ್ಲ. ಟೀಚರ್ ತಳ್ಳಿದರು, ಸಾಲಿಗೆ ಹೊತ್ತಾಯಿತೆಂದು ಹೊರಟರು. ಒಳಗೆ ಟೈ ಕಟ್ಟಿದ ಒಬ್ಬಾತ ಬಂದು ಏನು ಬೇಕಿತ್ತು ಅಕ್ಕಾರ ಎಂದ. ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಿದೆ.

"ಮರಿಸ್ವಾಮಿ ಅವ್ರು? ಅವ್ರು ಬಿಟ್ಟು ಭಾಳ ದಿನ ಆತಲ್ರಿ," ಎಂದ ಅವನು. "ಲಗ್ನದ ಕಾರ್ಡ್ ಕೊಡಾಕ ಬಂದಿದ್ರು, ಬಿಟ್ಟು ಆಗಲೇ ವರ್ಷ ಆಗಿತ್ತು. ಈಗ ಕುಷ್ಟಗಿ ರೋಡಿನ್ಯಾಗ ಕಲ್ಲು ಕೊಯ್ಯೂ ಮಷಿನ್ದಾಗ ಅದಾರಂತ. ನೀವು ಅವ್ರಿಗೆ ಏನಾಗಬೇಕ್ರಿ?"

ಏನೂ ಆಗಬೇಕಿಲ್ಲ ಎಂದು ಹೇಳಿ ಹೊರಗೆ ಬಂದೆ.

ಬಸ್ಸಿನಲ್ಲಿ ಕೊಪ್ಪಳಕ್ಕೆ ಬಂದು, ಅಲ್ಲಿಂದ ಕುಷ್ಟಗಿ ಬಸ್ಸು ಹತ್ತಿದೆ. ಈ ದಾರಿಯಲ್ಲಿ ಗಿರಣಿಗಳಿಲ್ಲ, ಚಿಮಣಿಗಳಿಲ್ಲ, ಒಣ ಗುಡ್ಡ ಮತ್ತು ಗಾಳಿ. ಕೋಟೇ ಬೇಕಿಲ್ಲದ ದಾರಿ. ಯಾವಳದೋ ಮನೆಯಲ್ಲ ಎಂದು ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಕಾರ್ಡ್ ಕೊಡಲು ಹೋದಾಗಲೇ ಬಿಟ್ಟು ವರ್ಷವಾಗಿತ್ತು ಎಂಬ ಮಾತು ಬಸ್ಸಿನ ಸಪ್ಪಳದಲ್ಲಿ ಕೇಳುತ್ತಲೇ ಇತ್ತು. ಅಂದರೆ ನಮ್ಮ ಮನೆಗೆ ಬಂದು ಚಹಾ ಕುಡಿದ ಆ ಅಂಗಿ ಆಗಲೇ ಸುಳ್ಳಾಗಿತ್ತು.

ಕಲ್ಲಿನ ಮಷಿನ್ನುಗಳು ರಸ್ತೆಗೇ ಹತ್ತಿಕೊಂಡಿದ್ದವು. ಗೇಟಿರಲಿಲ್ಲ. ತಗಡಿನ ಚಪ್ಪರದ ಕೆಳಗೆ ಬೈಕುಗಳು ನಿಂತಿದ್ದವು. ಅವುಗಳಲ್ಲಿ ಒಂದರ ಸೀಟಿನ ಮೇಲೆ ನನ್ನ ಕೋಟು ಮಡಚಿಟ್ಟಿತ್ತು, ನನ್ನ ಸೀರೆಯ ಹೂವು ಹೊರಗೆ ಕಾಣುತ್ತಿತ್ತು. ನೆಲ, ಗಿಡ, ನಾಯಿ, ಎಲ್ಲದರ ಮೇಲೂ ಬಿಳಿ ಪುಡಿ. ಚಪ್ಪರದ ಗೋಡೆಯಲ್ಲಿ ಒಂದು ಮೊಳೆ. ಮೊಳೆಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಬಿಳಿ ಅಂಗಿ. ಅಷ್ಟು ದೊಡ್ಡ ಜಾಗದಲ್ಲಿ ಸ್ವಚ್ಛವಾಗಿದ್ದದ್ದು ಅದೊಂದೇ. ನಾನು ಅದರ ತೋಳನ್ನು ಮುಟ್ಟಿದೆ.

"ಏ ಯಕ್ಕಾ, ಅದನ್ನ ಮುಟ್ಟಬ್ಯಾಡ್ರಿ." ಬಾಯಿಗೆ ಬಟ್ಟೆ ಕಟ್ಟಿದ ಒಬ್ಬ ಆಳು ನೀರಿನ ಕೊಡದ ಹತ್ತಿರ ಕೂತಿದ್ದ. ಬಟ್ಟೆ ಇಳಿಸಿ ನಕ್ಕ. "ಅದು ನಮ್ಮ ಸಾಹೇಬ್ರ ಅಂಗಿ. ಅವನ ಹೇಣ್ತಿ ಇಸ್ತ್ರಿ ಮಾಡಿದ್ದು. ಒಂದು ಸುಕ್ಕು ಬಿದ್ರ ನಮ್ಮ ಜೀವಾ ತಗೀತಾನ."

ಯಾವ ಸಾಹೇಬರು ಎಂದು ಕೇಳಿದೆ.

"ಇಲ್ಲೇ ಕಲ್ಲು ಕೊಯ್ಯಾಂವ. ಹೇಣ್ತಿ ಅವನ್ನ ಆಫೀಸರ್ ಅಂತ ತಿಳದಾಳಂತ. ಮುಂಜಾನೆ ಕೋಟು ತೊಡಸ್ತಾಳಂತ, ಗುಂಡಿ ಹಾಕ್ತಾಳಂತ. ಹೆಂಗ ನಿಲ್ತಾನ ಅಂತ ಅವನಽ ಮಾಡಿ ತೋರಸ್ತಾನ, ಕೈ ಹಿಂಗ ಚಾಚಿ." ಅವನು ಎರಡೂ ಕೈ ಚಾಚಿ, ಕುತ್ತಿಗೆ ನೆಟ್ಟಗೆ ಮಾಡಿ ತೋರಿಸಿದ. ಆಮೇಲೆ ಕೈ ಇಳಿಸಿದ. "ಪಾಪ, ಆಕಿಗೊಬ್ಬಾಕಿಗೆ ಗೊತ್ತಿಲ್ಲ ನೋಡ್ರಿ. ಊರಾಗ ಎಲ್ಲಾರಿಗೂ ಗೊತ್ತೈತಿ."

ಒಳಗಿನಿಂದ ಯಾರೋ ಯಮನೂರ ಎಂದು ಕೂಗಿದರು. ಅವನು ಕೊಡ ಎತ್ತಿಕೊಂಡು ಹೋದ. ಅವನು ಹೋದ ದಿಕ್ಕಿನಲ್ಲಿ, ಮಷಿನ್ನಿನ ಆಚೆ, ನನ್ನ ಗಂಡ ಕಲ್ಲಿನ ಚಪ್ಪಡಿಯ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತಿದ್ದ. ರೆಪ್ಪೆಯವರೆಗೆ ಬೆಳ್ಳಗಿದ್ದ. ಯಾರೋ ಏನೋ ಅಂದರು, ಅವನು ಬಾಯಿ ತೆರೆದು, ತೊಡೆ ತಟ್ಟಿ ನಕ್ಕ. ಮನೆಯಲ್ಲಿ ಅವನು ಹಾಗೆ ನಕ್ಕದ್ದನ್ನು ನಾನು ನೋಡಿಯೇ ಇರಲಿಲ್ಲ. ನಮ್ಮ ಮನೆಯಲ್ಲಿ ಅವನು ಅಂಗಿ ಮುದುಡದ ಹಾಗೆ ಕೂಡುತ್ತಿದ್ದ.

ಅವನ ಕೆಲಸಕ್ಕೆ ನಾನು ನಾಚಲಿಲ್ಲ. ನಮ್ಮವ್ವ ಕಳೆ ತೆಗೆದ ಕೈಯಿಂದಲೇ ನಾನು ಉಂಡವಳು. ಆದರೆ ನನ್ನ ಬೆರಳುಗಳು ಅವನ ಬೆನ್ನ ಮೇಲೆ ಗುಂಡಿಯಿಂದ ಗುಂಡಿಗೆ ಇಳಿದು ಬಂದದ್ದನ್ನು ಅವನು ಇಲ್ಲಿಗೆ ತಂದು ಬುತ್ತಿಯ ಜೊತೆ ಬಿಚ್ಚಿದ್ದ.

ಮೊಳೆಯಿಂದ ಅಂಗಿ ತೆಗೆದುಕೊಂಡೆ. ಮಡಚಿ ಚೀಲದಲ್ಲಿ ಹಾಕಿಕೊಂಡು ರಸ್ತೆಗೆ ಬಂದು ಬಸ್ಸಿಗೆ ಕೈ ಮಾಡಿದೆ.

ಮನೆಗೆ ಬಂದಾಗ ಅತ್ತೆ ಹೊಸ್ತಿಲಲ್ಲೇ ಇದ್ದಳು. ನಾನು ಚೀಲದಿಂದ ಅಂಗಿ ತೆಗೆದು ಅವಳ ಮುಂದೆ ಹಿಡಿದೆ. ಎಲ್ಲಿಂದ ತಂದಿ ಎಂದು ಅವಳು ಕೇಳಲಿಲ್ಲ. ಕಣ್ಣು ತಗ್ಗಿಸಿ, "ನನ್ನೊಬ್ಬಾಕಿನ್ನ ನೋಡಬ್ಯಾಡ. ನಿಮ್ಮವ್ವಗೂ ಕೇಳು," ಎಂದಳು.

ಅವ್ವನಿಗೆ ಫೋನ್ ಮಾಡಿದೆ. ಹೊಲದಲ್ಲಿದ್ದಳು, ಗಾಳಿಯ ಸದ್ದು ಬರುತ್ತಿತ್ತು.

"ಯವ್ವಾ, ಅವ್ರ ಕೆಲಸದ್ದು ನಿನಗ ಮೊದಲ ಗೊತ್ತಿತ್ತೇನು?"

ಅವ್ವ ಅಂದಳು, "ಗೊತ್ತಿತ್ತು ಮಗಳ. ದುಡದು ತಿನ್ನಾಂವ, ಕುಡಿಯಂಗಿಲ್ಲ. ನೀ ಅವನ ಅಂಗಿ ನೋಡಿ ಮನಿ ತುಂಬ ಹಾಡ್ಕೋಂತ ಅಡ್ಡಾಡಿದಿ. ನಾ ಹೆಂಗ ಬಾಯಿ ಬಿಡ್ಲಿ? ನಾನಽ ಹೇಳಿದ್ನಿ ಅವ್ರಿಗೆ, ಈಗಽ ಹೇಳಬ್ಯಾಡ್ರಿ, ಕೂಸು ಸಂತೋಷದಾಗ ಐತಿ ಅಂತ."

"ಕಲ್ಲು ಕೊಯ್ಯಾಂವ ಅಂದಿದ್ರೂ ನಾ ಹ್ಞೂಂ ಅಂತಿದ್ನಿ."

"ಅಂತಿದ್ದೇನು?" ಎಂದಳು ಅವ್ವ.

ಫೋನ್ ಇಟ್ಟೆ. ಅನ್ನುತ್ತಿದ್ದೆನೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಅದನ್ನು ತಿಳಿದುಕೊಳ್ಳಲು ಅವರು ಯಾರೂ ನನ್ನನ್ನು ಬಿಟ್ಟಿರಲಿಲ್ಲ. ನಳದ ಹೆಂಗಸರು, ಅವರ ಸೆರಗಿನ ಹಿಂದಿನ ನಗು, ಜರೀನಾ ಕೆಳಗಿಟ್ಟ ಕತ್ತರಿ, ಸಾಕು ಬಿಡು ಎಂದ ಅತ್ತೆ, ಎಲ್ಲವನ್ನೂ ನಾನು ನೋಡಿದ್ದೆ. ನೋಡುವುದೊಂದೇ ನನಗೆ ಬರುವ ವಿದ್ಯೆ ಅಂದುಕೊಂಡಿದ್ದೆ. ಎಲ್ಲವನ್ನೂ ನೋಡಿ, ಎಲ್ಲವನ್ನೂ ಪ್ರೀತಿ ಎಂದು ತಿಳಿದಿದ್ದೆ.

ಅಂಗಿಯನ್ನು ಬಾಗಿಲ ಪಕ್ಕದ ಗೂಟಕ್ಕೆ ಹಾಕಿದೆ. ಇಂದು ಅವನು ಹೇಗೆ ಬರುತ್ತಾನೆ? ಕಲ್ಲಿನ ಪುಡಿಯ ಬಟ್ಟೆಯಲ್ಲೇ ಓಣಿಯ ಮುಂದೆ ಇಳಿದು, ಹಿಂಗಾತು ಅನುಸೂಯಾ ಎಂದು ಹೇಳಲಿ ಎಂದು ಬಯಸಿದೆ. ಅವನು ಹಾಗೆ ಬಂದರೆ ಬಿಸಿನೀರು ಕಾಯಿಸಿ ಕೊಡುತ್ತೇನೆ ಎಂದುಕೊಂಡೆ. ಒಲೆಯ ಮೇಲೆ ನೀರನ್ನೂ ಇಟ್ಟೆ.

ಎಂದಿನ ಹೊತ್ತಿಗೇ ಬೈಕಿನ ಸದ್ದು ಬಂತು. ನಾನು ಬಾಗಿಲಿಗೆ ಬಂದೆ. ಅವನು ಕೋಟನ್ನು ಸೀಟಿನ ಮೇಲೆಸೆದು ಇಳಿದ. ಬಿಳಿ ಅಂಗಿ ತೊಟ್ಟಿದ್ದ. ಒಂದು ಗಳಿಗೆ ನನಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಕಂಡಿತು: ಎದೆಯ ಮೇಲೆ ಅಡ್ಡಕ್ಕೆ, ಉದ್ದಕ್ಕೆ ಹೊಸ ಅಂಗಿಯ ಡಬ್ಬಿಯ ಮಡಿಕೆಗಳು. ಕೊಪ್ಪಳದ ಬಜಾರಿನಲ್ಲಿ ಆಗಷ್ಟೇ ಕೊಂಡು, ಅಲ್ಲೇ ತೊಟ್ಟುಕೊಂಡು ಬಂದಿದ್ದ.

"ಇವತ್ತ ಭಾಳ ಗದ್ದಲ," ಎಂದ ಒಳಗೆ ಬರುತ್ತ. "ಎರಡು ಟ್ರ್ಯಾಕ್ಟರ್ ಡೆಲಿವರಿ ಇತ್ತು. ಮ್ಯಾನೇಜರ್ ಖುಷಿ ಆಗಿ ಈ ಅಂಗಿ ಕೊಡಿಸಿದ್ರು. ಹಳೀದು ಆಫೀಸಿನ್ಯಾಗ ಬಿಟ್ಟು ಬಂದೀನಿ."

ನಾನು ಅವನ ಹತ್ತಿರ ಹೋದೆ. ಕುತ್ತಿಗೆಯ ಹಿಂದೆ ಕೈ ಹಾಕಿದಾಗ ಅವನು ಅಭ್ಯಾಸದಿಂದ ಎರಡೂ ಕೈ ಚೂರು ಚಾಚಿದ.

"ಕಾಲರಿನ್ಯಾಗ ಗುಂಡುಸೂಜಿ ಐತ್ರಿ," ಎಂದೆ. "ಚುಚ್ಚತೈತಿ."

ಸೂಜಿ ತೆಗೆದು ಅವನ ಅಂಗೈಯಲ್ಲಿಟ್ಟೆ. ಆಗ ಅವನು ಗೂಟದಲ್ಲಿದ್ದ ಅಂಗಿಯನ್ನು ನೋಡಿದ. ಅಡುಗೆಮನೆಯಲ್ಲಿ ನೀರು ಕುದಿಯುವ ಸದ್ದು ಬರುತ್ತಿತ್ತು. ಅವನ ಬಾಯಿಂದ ಬಂದದ್ದು, "ನಿನ್ನ ಸಂತೋಷಕ್ಕಽ ಮಾಡಿದ್ನಿ," ಎಂದು. ಅವ್ವ ಹೇಳಿದ ಮಾತೇ.

"ಯಮನೂರನ ಮುಂದ ಕೈ ಚಾಚಿ ತೋರಿಸಿದ್ದೂ ನನ್ನ ಸಂತೋಷಕ್ಕೇನ್ರಿ?"

ಅವನು ಸೂಜಿಯನ್ನು ಬೆರಳುಗಳ ನಡುವೆ ತಿರುಗಿಸುತ್ತ ನಿಂತ. ನಾನು ಹೋಗಿ ಒಲೆ ಆರಿಸಿದೆ.

ಮರುದಿನ ಭಾನುವಾರ. ಬೈಕು ಓಣಿಯಲ್ಲೇ ನಿಂತಿತ್ತು. ಸೋಮವಾರ ಬೆಳಿಗ್ಗೆ ನಾನು ಇದ್ದಿಲು ಹೊತ್ತಿಸಿ ಇಸ್ತ್ರಿ ಮಾಡಿದೆ; ನನ್ನ ಹಸಿರು ಸೀರೆ, ನನ್ನ ಕುಪ್ಪಸ. ಅವನ ಅಂಗಿಯ ಮೇಲೆ ಪೆಟ್ಟಿಗೆ ಇಡಲಿಲ್ಲ. ಇನ್ನು ಮುಚ್ಚಿಡುವುದು ಏನೂ ಉಳಿದಿಲ್ಲ, ಹಳೆಯ ಬಟ್ಟೆಯಲ್ಲೇ ಹೋಗುತ್ತಾನೆ ಎಂದುಕೊಂಡಿದ್ದೆ. ಅವನು ಹೊಸ ಅಂಗಿಯನ್ನೇ ಮಡಿಕೆಗಳ ಸಮೇತ ತೊಟ್ಟ. ಬೂಟನ್ನು ತಾನೇ ಚೀಲದಲ್ಲಿ ಹಾಕಿಕೊಂಡ. ಬಾಗಿಲ ಮುಂದೆ ಬೈಕಿನ ಹತ್ತಿರ ನಿಂತು, ಕೋಟನ್ನು ಹಿಂದುಮುಂದಾಗಿ ತೊಟ್ಟು, ಬೆನ್ನು ನನ್ನ ಕಡೆ ಮಾಡಿ ಕಾದ.

ನಳದ ಹತ್ತಿರ ಮಾತು ನಿಂತಿತು.

"ಅನುಸೂಯಾ," ಎಂದ ಮೆಲ್ಲಗೆ, ತಿರುಗದೆ. "ಗುಂಡಿ. ಮಂದಿ ನೋಡಾಕತ್ಯಾರ."

ಆ ಕೋಟಿನ ಗುಂಡಿಗಳೆಲ್ಲ ನನ್ನ ಕೈಯವೇ. ನಾನು ಸೆರಗು ಸರಿಮಾಡಿಕೊಂಡು ಅವನ ಪಕ್ಕದಿಂದ ಇಳಿದು ಓಣಿಯಲ್ಲಿ ನಡೆದೆ. ಹೆಂಗಸರು ದಾರಿ ಬಿಟ್ಟರು. ನನ್ನ ಕೈ ಎಲ್ಲಿಡಬೇಕು ಎಂದು ಅಂದೂ ತಿಳಿಯಲಿಲ್ಲ, ಆದರೂ ನಡೆದೆ.

ಜರೀನಾಳ ಮನೆಯಲ್ಲಿ ಎರಡನೆಯ ಮಷಿನ್ನಿನ ಮುಂದೆ ಮುನ್ನಿ ಕೂತಿದ್ದಳು. ನಾನು ಬಾಗಿಲಲ್ಲೇ ನಿಂತು, ನಿನಗೂ ಗೊತ್ತಿತ್ತೇ ಎಂದು ಜರೀನಾಳನ್ನು ಕೇಳಿದೆ. ಅವಳು ಸುಳ್ಳು ಹೇಳಲಿಲ್ಲ.

"ಗೊತ್ತಿತ್ತವಾ. ನಿನ್ನ ಮನಿ ಮಾತು, ನಾ ಹೆಂಗ ಆಡ್ಲಿ ಅಂತ ಸುಮ್ಮನಾದ್ನಿ." ಆಮೇಲೆ, "ಮಷಿನ್ ಖಾಲಿ ಇಲ್ಲ. ಕೈಹೊಲಿಗಿ ಐತಿ. ಹುಕ್ಸು, ಗುಂಡಿ ಕಾಜಾ. ಕೂಡ್ತೇನು?" ಎಂದಳು.

ಕಿಟಕಿಯ ಕೆಳಗೆ ಚಾಪೆಯ ಮೇಲೆ ಕೂತೆ. ಅವಳು ಯೂನಿಫಾರ್ಮಿನ ರಾಶಿಯನ್ನು ನನ್ನ ಮುಂದೆ ತಳ್ಳಿದಳು. ಸೂಜಿಗೆ ದಾರ ಪೋಣಿಸುವಾಗ ಹೊರಗೆ ಬೈಕಿನ ಸದ್ದು ಬಂತು. ಮುನ್ನಿ ಇಣುಕಿ ನೋಡಿ, ಅಯ್ಯೋ, ಕೋಟು ಹಿಂದೆ ಬಾಯಿ ತೆರೆದುಕೊಂಡು ಹಾರುತ್ತಿದೆ ಎಂದಳು. ಜರೀನಾ ಅವಳನ್ನು ಗದರಿದಳು. ನಾನು ತಲೆ ಎತ್ತಲಿಲ್ಲ. ಸದ್ದು ತಿರುವಿನಲ್ಲಿ ಇಳಿಯಿತು. ಸಾಹೇಬರು ಹೊರಟರು ಎಂದು ಅಂದು ಯಾರೂ ಅನ್ನಲಿಲ್ಲ.